ಮುಳ್ಳು ಸೊನ್ನೆಗೆ ಬಿದ್ದಾಗ: ಆಯಿಲ್ ಪ್ರೆಷರ್ ಗೇಜಿನ ದೋಷ ಹುಡುಕುವ ಬಗೆ

ಕಳೆದ ಮಳೆಗಾಲದಲ್ಲಿ ಗೋವಾದ ಝುವಾರಿನಗರದ ಕಾಕಾ ಒಬ್ಬರು ತಮ್ಮ ಹಳೆ ಡೀಸೆಲ್ ಜೀಪನ್ನು ಇನ್ನೊಂದು ಗಾಡಿಗೆ ಹಗ್ಗ ಕಟ್ಟಿ ಎಳೆಸಿಕೊಂಡು ನನ್ನ ಹತ್ತಿರ ತಂದರು. ಅವರು ಖಾನಾಪುರದ ಕಡೆಯವರು. ತಿಂಗಳಿಗೆ ಎರಡು ಸಲ ಅನ್ಮೋಡ್ ಘಾಟ್ ಹತ್ತಿ ಊರಿಗೆ ಹೋಗಿ ಬರುತ್ತಾರೆ. "ಮುಳ್ಳು ಸೊನ್ನಿಗೆ ಬಿದ್ದೈತಿ ನೋಡಪಾ, ಏಳವಲ್ದು" ಎಂದರು. ಅದಕ್ಕೂ ಮೊದಲು ಬೇರೆ ಕಡೆ ಆಯಿಲ್ ಪಂಪ್ ಬದಲಾಗಿತ್ತು. ಚೇಂಬರ್ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಬಿಚ್ಚಿ ಬೇರಿಂಗ್ ಕೂಡ ಹೊಸದು ಹಾಕಿದ್ದರು. ಹನ್ನೊಂದು ದಿನ ಜೀಪು ಅಲ್ಲೇ ನಿಂತಿತ್ತು. ದುಡ್ಡು ಹೋಯಿತು, ಮುಳ್ಳು ಮಾತ್ರ ಬಿದ್ದಲ್ಲೇ ಇತ್ತು.

ಆ ಇಂಜಿನ್ನಿಗೆ ಏನೂ ಆಗಿರಲಿಲ್ಲ. ಅದನ್ನು ತಿಳಿಯಲು ನನಗೆ ಬೇಕಾದದ್ದು ಅರ್ಧ ಗಂಟೆ, ಒಂದು ಮೆಕ್ಯಾನಿಕಲ್ ಗೇಜು, ಒಂದು ತುಂಡು ವೈರು. ನಾನು ವಾಸ್ಕೋದಲ್ಲಿ ಗಾಡಿಗಳ ವೈರಿಂಗ್ ಕೆಲಸ ಮಾಡುವವನು. ಇಂಥ ಕೇಸು ವರ್ಷಕ್ಕೆ ನಾಲ್ಕೈದು ಬರುತ್ತವೆ. ಇಂಜಿನ್ ಬಿಚ್ಚುವ ಮೊದಲು ಮಾಡಬೇಕಾದ ಪರೀಕ್ಷೆಯನ್ನು ಯಾರೂ ಮಾಡದೆ ಬಿಟ್ಟಿದ್ದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಹಾಗಾಗಿ ನಾನು ಹುಡುಕುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಗೇಜಿನ ಮುಳ್ಳು ಹೇಳುವುದು ಒಂದೇ ಸುದ್ದಿ. ಆದರೆ ಆ ಸುದ್ದಿ ನಮ್ಮ ಕಣ್ಣಿಗೆ ಬರುವ ಮೊದಲು ನಾಲ್ಕು ಕೈ ದಾಟಿರುತ್ತದೆ. ಮೊದಲು ಆಯಿಲ್, ಆಮೇಲೆ ಇಂಜಿನ್ ಬ್ಲಾಕಿಗೆ ತಿರುಗಿಸಿದ ಸೆಂಡರ್ (ಒತ್ತಡವನ್ನು ಕರೆಂಟಿನ ಸುದ್ದಿ ಮಾಡುವ ಸಾಧನ), ಆಮೇಲೆ ವೈರು ಮತ್ತು ಅರ್ಥಿಂಗ್, ಕೊನೆಗೆ ಡ್ಯಾಶ್‌ಬೋರ್ಡಿನ ಮೀಟರು. ಯಾರ ಕೈಯಲ್ಲಿ ಸುದ್ದಿ ಕೆಟ್ಟಿತು ಅಂತ ಪತ್ತೆ ಮಾಡುವುದೇ ನಮ್ಮ ಕೆಲಸ. "ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು" ಅಂತ ನಮ್ಮ ಹಿರಿಯರು ಹೇಳಿದ್ದಾರಲ್ಲ, ಈ ಮುಳ್ಳಿಗೆ ಆ ಮಾತು ಸರಿಯಾಗಿ ಹೊಂದುತ್ತದೆ. ಮುಳ್ಳನ್ನು ಕುರುಡಾಗಿ ನಂಬಬೇಡಿ. ಸುಳ್ಳು ಅಂತ ತಳ್ಳಿಯೂ ಹಾಕಬೇಡಿ.

ಮೊದಲು ಇಂಜಿನ್ ನಿಲ್ಲಿಸಿ

ಓಡುತ್ತಿರುವಾಗ ಮುಳ್ಳು ದಿಢೀರನೆ ಬಿದ್ದರೆ, ಇಲ್ಲವೇ ಎಣ್ಣೆ ಗಿಂಡಿಯ ಗುರುತಿನ ಕೆಂಪು ದೀಪ ಹತ್ತಿದರೆ, ಗಾಡಿ ಪಕ್ಕಕ್ಕೆ ತೆಗೆದು ಇಂಜಿನ್ ಆಫ್ ಮಾಡಿ. ಮುಂದಿನ ಗ್ಯಾರೇಜಿನ ತನಕ ಮೆಲ್ಲಗೆ ಹೋಗೋಣ ಅನ್ನುವ ಯೋಚನೆ ಬೇಡ. ಕ್ರ್ಯಾಂಕ್‌ಶಾಫ್ಟ್ (ಇಂಜಿನ್ನಿನ ಒಳಗೆ ತಿರುಗುವ ಮುಖ್ಯ ದಂಡ) ತಿರುಗುವಾಗ ತನ್ನನ್ನು ಹಿಡಿದ ಬೇರಿಂಗನ್ನು ಮುಟ್ಟುವುದಿಲ್ಲ. ಒತ್ತಡದಲ್ಲಿ ಬರುವ ಆಯಿಲ್‌ನ ತೆಳು ಪದರದ ಮೇಲೆ ತೇಲುತ್ತಿರುತ್ತದೆ. ಆ ಪದರ ಹರಿದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಬೇರಿಂಗ್ ಹಾಳಾಗಲು ಕೆಲವೇ ನಿಮಿಷ ಸಾಕು. ಮೊಲೆಂ ಕಾಡಿನ ನಡುವೆ ಮಳೆಯಲ್ಲಿ ನಿಲ್ಲುವುದು ಕಷ್ಟವೇ, ಒಪ್ಪುತ್ತೇನೆ. ಆದರೂ ನಿಲ್ಲಿಸಿ. ಕಾಕಾ ನಿಲ್ಲಿಸಿದ್ದರು. ಆ ಒಂದು ಕೆಲಸ ಅವರು ಸರಿಯಾಗಿ ಮಾಡಿದ್ದರು.

ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ. ಗಾಡಿ ಸಮ ನೆಲದಲ್ಲಿರಬೇಕು. ಘಾಟಿನ ಇಳಿಜಾರಿನಲ್ಲಿ ತೆಗೆದ ಅಳತೆ ಸುಳ್ಳು ಹೇಳುತ್ತದೆ. ಮಟ್ಟ ಮಾತ್ರ ನೋಡಬೇಡಿ, ಕಡ್ಡಿಯನ್ನು ಮೂಗಿನ ಹತ್ತಿರ ಹಿಡಿಯಿರಿ. ಡೀಸೆಲ್ ಇಲ್ಲವೇ ಪೆಟ್ರೋಲ್ ವಾಸನೆ ಬಂದು, ಮಟ್ಟವೂ ಮೊದಲಿಗಿಂತ ಏರಿದ್ದರೆ, ಇಂಧನ ಸೋರಿ ಆಯಿಲ್‌ಗೆ ಬೆರೆತಿದೆ. ಆಯಿಲ್ ತೆಳುವಾಗಿ ಒತ್ತಡ ನಿಜವಾಗಿಯೇ ಇಳಿಯುತ್ತದೆ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ. ಈ ಎರಡರಲ್ಲಿ ಯಾವುದು ಕಂಡರೂ ಗೇಜಿನ ಮಾತು ಬಿಡಿ, ಇಂಜಿನ್ ಮತ್ತೆ ಸ್ಟಾರ್ಟ್ ಮಾಡಬೇಡಿ.

ಕೀ ತಿರುಗಿಸಿ ನೋಡುವ ಪರೀಕ್ಷೆ

ಇದಕ್ಕೆ ಒಂದು ಪಾನಾ ಕೂಡ ಬೇಡ. ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ. ಆಗ ಒತ್ತಡ ಇರುವುದಿಲ್ಲ. ಮುಳ್ಳು ಸೊನ್ನೆಯಲ್ಲಿರಬೇಕು, ಕೆಂಪು ದೀಪ ಹತ್ತಬೇಕು.

ನಿಂತ ಇಂಜಿನ್ನಿಗೆ ಮುಳ್ಳು 2 ಬಾರ್ (ಬಾರ್ ಅಂದರೆ ಒತ್ತಡದ ಅಳತೆ) ತೋರಿಸಿದರೆ ತಪ್ಪು ಸೆಂಡರ್, ವೈರು ಅಥವಾ ಮೀಟರಿನದು. ಅದರಲ್ಲಿ ಅನುಮಾನವೇ ಇಲ್ಲ. ದೀಪ ಹತ್ತದಿದ್ದರೆ ಬಲ್ಬ್ ಸುಟ್ಟಿರಬೇಕು, ಇಲ್ಲ ವೈರು ತುಂಡಾಗಿರಬೇಕು, ಇಲ್ಲ ಸ್ವಿಚ್ ಕೆಟ್ಟಿರಬೇಕು. ಇದನ್ನು ಜಾಸ್ತಿ ಜನ ಗಮನಿಸುವುದೇ ಇಲ್ಲ. ದೀಪ ಹತ್ತಿಲ್ಲ ಅಂದರೆ ಎಲ್ಲ ಸರಿಯಿದೆ ಅಂದುಕೊಳ್ಳುತ್ತಾರೆ. ನನಗೆ ಉರಿಯುವ ದೀಪಕ್ಕಿಂತ ಹತ್ತದ ದೀಪದ್ದೇ ಹೆಚ್ಚು ಭಯ. ನಿಜವಾಗಿ ಆಯಿಲ್ ಇಲ್ಲದ ದಿನವೂ ಅದು ಹಾಗೇ ಸುಮ್ಮನಿರುತ್ತದೆ.

ಕಾಕಾರ ಜೀಪಿನಲ್ಲಿ ಕೀ ಹಾಕಿದಾಗ ಮುಳ್ಳು ಸೊನ್ನೆ, ಸ್ಟಾರ್ಟ್ ಆದ ಮೇಲೂ ಸೊನ್ನೆ. ಇದರಿಂದ ಏನೂ ಗೊತ್ತಾಗುವುದಿಲ್ಲ. ಮುಂದಕ್ಕೆ ಹೋಗಲೇಬೇಕು.

ನಿಮ್ಮ ಗಾಡಿಯಲ್ಲಿ ಇರುವುದು ಯಾವ ಗೇಜು?

ಇದು ಗೊತ್ತಿಲ್ಲದೆ ವೈರಿಗೆ ಕೈ ಹಾಕಬೇಡಿ. ಒಂದು ಗಾಡಿಯಲ್ಲಿ ಸೊನ್ನೆ ತೋರಿಸುವ ದೋಷ ಇನ್ನೊಂದರಲ್ಲಿ ಮುಳ್ಳನ್ನು ತುದಿಗೆ ಒಯ್ಯುತ್ತದೆ.

ಪೂರ್ತಿ ಮೆಕ್ಯಾನಿಕಲ್ ಗೇಜಿನಲ್ಲಿ ಸಣ್ಣ ಕೊಳವೆಯಲ್ಲಿ ಆಯಿಲ್ಲೇ ಮೀಟರಿನ ತನಕ ಬರುತ್ತದೆ. ಒಳಗೆ ಬಾಗಿದ ಹಿತ್ತಾಳೆ ಕೊಳವೆ ಇರುತ್ತದೆ. ಒತ್ತಡ ಬಂದಾಗ ಅದು ಸ್ವಲ್ಪ ನೆಟ್ಟಗಾಗಿ ಮುಳ್ಳನ್ನು ತಳ್ಳುತ್ತದೆ. ಜಾತ್ರೆಯಲ್ಲಿ ಮಕ್ಕಳು ಊದಿದಾಗ ಸುರುಳಿ ಬಿಚ್ಚಿಕೊಳ್ಳುವ ಪೀಪಿ ನೋಡಿದ್ದೀರಲ್ವಾ, ಅದೇ ತತ್ವ. ಫ್ರಾನ್ಸಿನ ಯೂಜೀನ್ ಬೂರ್ಡಾನ್ 1849ರಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಇವತ್ತಿಗೂ ಇದಕ್ಕಿಂತ ನಂಬಬಹುದಾದ ಗೇಜು ನನಗೆ ಗೊತ್ತಿಲ್ಲ. ಕರೆಂಟೂ ಬೇಡ, ಅರ್ಥಿಂಗೂ ಬೇಡ.

ಎಲೆಕ್ಟ್ರಿಕ್ ಗೇಜಿನಲ್ಲಿ ಸೆಂಡರ್ ಒಂದು ಬದಲಾಗುವ ರೆಸಿಸ್ಟರ್. ಒಳಗಿನ ತೆಳು ಪರದೆ, ಅಂದರೆ ಡಯಾಫ್ರಂ, ಒತ್ತಡಕ್ಕೆ ಸರಿದಂತೆ ಓಮ್ (ಕರೆಂಟಿಗೆ ತಡೆಯ ಅಳತೆ) ಬದಲಾಗುತ್ತದೆ. ವಿಡಿಒ ಎಂಬ ಜರ್ಮನ್ ಕಂಪನಿಯ ಬಗೆಯಲ್ಲಿ ಸೊನ್ನೆ ಒತ್ತಡಕ್ಕೆ ಸುಮಾರು 10 ಓಮ್, ಪೂರ್ತಿ ಒತ್ತಡಕ್ಕೆ ಸುಮಾರು 180 ಓಮ್. ಇದರ ವೈರು ಕಳಚಿದರೆ ಮುಳ್ಳು ತುದಿಗೆ ಏರುತ್ತದೆ, ವೈರು ಬ್ಲಾಕಿಗೆ ತಾಗಿದರೆ ಸೊನ್ನೆಗೆ ಬೀಳುತ್ತದೆ. ಅಮೆರಿಕನ್ ಬಗೆ ಇದಕ್ಕೆ ತದ್ವಿರುದ್ಧ. ಸೊನ್ನೆಗೆ 240 ಓಮ್, ತುದಿಗೆ 33 ಓಮ್. ಅಲ್ಲಿ ವೈರು ಕಳಚಿದರೆ ಸೊನ್ನೆ, ತಾಗಿದರೆ ತುದಿ. ಹಳೆ ಗಾಡಿಗಳ ಬೈಮೆಟಲ್ (ಕರೆಂಟಿನ ಬಿಸಿಗೆ ಬಾಗುವ ಎರಡು ಲೋಹದ ಪಟ್ಟಿಯ) ಮೀಟರಿನಲ್ಲೂ ಕರೆಂಟ್ ಹರಿಯದಿದ್ದರೆ ಮುಳ್ಳು ಸೊನ್ನೆಯಲ್ಲೇ ಮಲಗಿರುತ್ತದೆ. ಕಾಕಾರ ಜೀಪಿನಲ್ಲಿದ್ದದ್ದು ಅದು.

ಇನ್ನು ಬರೀ ಕೆಂಪು ದೀಪ ಇರುವ ಗಾಡಿಗಳು. ಈಗಿನ ಕಾರುಗಳಲ್ಲಿ ಹೆಚ್ಚಿನವು ಇವೇ. ಅಲ್ಲಿರುವುದು ಒಂದು ಸ್ವಿಚ್ ಅಷ್ಟೇ. ಒತ್ತಡ ಸುಮಾರು 0.3ರಿಂದ 0.5 ಬಾರ್ ದಾಟಿದರೆ ಬಿಟ್ಟುಕೊಳ್ಳುತ್ತದೆ, ದೀಪ ಆರುತ್ತದೆ. ದೀಪ ಆರಿತು ಅಂದರೆ ಒತ್ತಡ ಚೆನ್ನಾಗಿದೆ ಅಂತಲ್ಲ, ತೀರಾ ಸೊನ್ನೆಯಲ್ಲಿಲ್ಲ ಅಂತ ಮಾತ್ರ. ಕೆಲವು ಕಾರುಗಳಲ್ಲಿ ಮುಳ್ಳಿರುವ ಮೀಟರಿನ ಹಿಂದೆಯೂ ಬರೀ ಸ್ವಿಚ್ ಇರುತ್ತದೆ. ಮುಳ್ಳು ಸದಾ ನಡುವೆ ನಿಂತಿದ್ದು, ಇಂಜಿನ್ ಬಿಸಿಯಾದರೂ, ಎಷ್ಟು ಆಕ್ಸಿಲರೇಟರ್ ಕೊಟ್ಟರೂ ಕೂದಲೆಳೆಯಷ್ಟೂ ಅಲುಗದಿದ್ದರೆ ಅದು ಅಂಥದ್ದೇ ಅಂತ ತಿಳಿಯಿರಿ.

ಎರಡನೇ ಸಾಕ್ಷಿ

ಈಗ ಮುಖ್ಯ ಪರೀಕ್ಷೆ. ಸೆಂಡರನ್ನೇ ಬಿಚ್ಚಿ, ಅದೇ ತೂತಿಗೆ ಮೆಕ್ಯಾನಿಕಲ್ ಗೇಜು ಕೂರಿಸಿ ಒತ್ತಡ ಅಳೆಯುವುದು. ಇದನ್ನು ಮಾಡದೆ ಯಾರಾದರೂ ಪಂಪ್ ಹೋಗಿದೆ, ಬೇರಿಂಗ್ ಹೋಗಿದೆ ಅಂದರೆ ಒಪ್ಪಬೇಡಿ. "ಮೊದಲು ಗೇಜು ಹಾಕಿ ತೋರಿಸ್ರಿ" ಅನ್ನಿ. ಕೇಳುವ ಹಕ್ಕು ನಿಮಗಿದೆ.

ಥ್ರೆಡ್ಡಿನಲ್ಲಿ ಒಂದು ಎಚ್ಚರ ಬೇಕು. ಸೆಂಡರುಗಳಲ್ಲಿ 1/8 ಇಂಚಿನ ಅಮೆರಿಕನ್ ಪೈಪ್ ಥ್ರೆಡ್ ಎನ್‌ಪಿಟಿ ಇರುತ್ತದೆ, ಅದೇ ಅಳತೆಯ ಬ್ರಿಟಿಷ್ ಪೈಪ್ ಥ್ರೆಡ್ ಬಿಎಸ್‌ಪಿ ಇರುತ್ತದೆ, 10 ಮಿಲಿಮೀಟರಿನ ಮೆಟ್ರಿಕ್ ಕೂಡ ಇರುತ್ತದೆ. ಮೊದಲ ಎರಡು ನೋಡಲು ಒಂದೇ ಥರ. ಎನ್‌ಪಿಟಿಗೆ ಇಂಚಿಗೆ 27 ಸುತ್ತು, ಬಿಎಸ್‌ಪಿಗೆ 28. ಹಾಗಾಗಿ ತಪ್ಪಾದದ್ದೂ ಎರಡು ಮೂರು ಸುತ್ತು ಸಲೀಸಾಗಿ ಒಳಗೆ ಹೋಗಿ, ಆಮೇಲೆ ಬಿಗಿಯುತ್ತದೆ. ಅಲ್ಲಿ ಪಾನಾ ಹಾಕಿ ಜೋರು ಮಾಡಿದರೆ ಬ್ಲಾಕಿನ ಥ್ರೆಡ್ ಹೋಗುತ್ತದೆ. ಕೈಯಲ್ಲಿ ತಿರುಗಿಸಿದಾಗ ಮೆತ್ತಗೆ ಹೋಗದಿದ್ದರೆ ಅಡಾಪ್ಟರ್ ಬದಲಿಸಿ. ಗೇಜಿನ ಹೋಸು ಸೈಲೆನ್ಸರಿನ ಬಿಸಿ ಪೈಪಿಗೂ ಫ್ಯಾನಿಗೂ ತಾಗದಂತೆ ಕಟ್ಟಿ. ಸ್ಟಾರ್ಟ್ ಮಾಡಿದ ತಕ್ಷಣ ಸೋರಿಕೆ ನೋಡಿ. ಬಿಸಿ ಆಯಿಲ್ ಚಿಮ್ಮಿದರೆ ಕೈ ಬೊಬ್ಬೆ ಏಳುತ್ತದೆ.

ಅಳತೆ ಮೂರು ಸಲ ತೆಗೆದುಕೊಳ್ಳಿ. ತಣ್ಣಗಿರುವಾಗ, ಆಕ್ಸಿಲರೇಟರ್ ಮುಟ್ಟದ ಐಡಲ್‌ನಲ್ಲಿ ಒಮ್ಮೆ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡಲ್‌ನಲ್ಲಿ ಒಮ್ಮೆ. ಬಿಸಿಯಲ್ಲೇ 2000 ಆರ್‌ಪಿಎಂನಲ್ಲಿ ಇನ್ನೊಮ್ಮೆ. ತಣ್ಣಗಿನ ಅಂಕಿ ಯಾವಾಗಲೂ ಚೆನ್ನಾಗಿಯೇ ಇರುತ್ತದೆ, ಆಗ ಆಯಿಲ್ ದಪ್ಪ. ನಿಜ ಹೊರಬೀಳುವುದು ಬಿಸಿ ಐಡಲ್‌ನಲ್ಲಿ. ಸವೆದ ಬೇರಿಂಗಿನ ಸಂದಿಯಿಂದ ತೆಳು ಆಯಿಲ್ ಬೇಗ ಹರಿದು ಹೋಗುತ್ತದೆ, ನಿಧಾನ ತಿರುಗುವ ಪಂಪಿಗೆ ಅದನ್ನು ತುಂಬಲು ಆಗುವುದಿಲ್ಲ. ಸರಿಯಾದ ಅಂಕಿ ನಿಮ್ಮ ಗಾಡಿಯ ಸರ್ವಿಸ್ ಪುಸ್ತಕದಲ್ಲಿದ್ದರೆ ಅದೇ ಕೊನೆಯ ಮಾತು. ಪುಸ್ತಕ ಇಲ್ಲದ ಹಳೆ ಇಂಜಿನ್ನಿಗೆ ಮೆಕ್ಯಾನಿಕ್‌ಗಳು ಇಟ್ಟುಕೊಂಡ ಲೆಕ್ಕ, ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ. ಒಂದು ಬಾರ್ ಅಂದರೆ 14.5 ಪಿಎಸ್‌ಐ.

ಕಾಕಾರ ಜೀಪು ತಣ್ಣಗೆ 55, ಬಿಸಿ ಐಡಲ್‌ನಲ್ಲಿ 18, 2000ದಲ್ಲಿ 45 ಪಿಎಸ್‌ಐ ತೋರಿಸಿತು. ಡ್ಯಾಶ್‌ಬೋರ್ಡಿನ ಮುಳ್ಳು ಸೆಂಡರ್ ಬಿಚ್ಚಿದ್ದರಿಂದ ಹೇಗೂ ಸೊನ್ನೆಯಲ್ಲೇ ಇತ್ತು. ಕಾಕಾ ಗೇಜಿನ ಅಂಕಿ ನೋಡಿದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಹೊಸ ಪಂಪ್ ಹಾಕಿದ ಮೇಲಲ್ವಾ ಈ ಅಂಕಿ, ಹಳೆ ಪಂಪ್ ನಿಜವಾಗಿ ಹೋಗಿತ್ತೇನೋ ಅಂತ ನೀವು ಕೇಳಬಹುದು. ನಾನೂ ಹಾಗೇ ಯೋಚಿಸಿದೆ. ತೆಗೆದ ಪಂಪ್ ಮತ್ತು ಬೇರಿಂಗ್ ಶೆಲ್‌ಗಳನ್ನು ಕಾಕಾ ಚೀಲದಲ್ಲಿ ಇಟ್ಟುಕೊಂಡಿದ್ದರು. ಶೆಲ್ ಮೇಲೆ ಗೀರು ಇರಲಿಲ್ಲ, ಕೆಳಗಿನ ತಾಮ್ರದ ಬಣ್ಣ ಎಲ್ಲೂ ಕಂಡಿರಲಿಲ್ಲ. ಪಂಪಿನ ಗೇರುಗಳೂ ನುಣುಪಾಗಿದ್ದವು. ಗಾಡಿ ರಿಪೇರಿ ಮಾಡಿಸಿದಾಗ ಹಳೆ ಸಾಮಾನು ಕೇಳಿ ಪಡೆಯಿರಿ. ಅದೂ ಒಂದು ಸಾಕ್ಷಿ.

ಸೆಂಡರ್, ವೈರು, ಅರ್ಥಿಂಗ್

ಇಂಜಿನ್ ನಿರಪರಾಧಿ ಅಂತ ಗೊತ್ತಾದ ಮೇಲೆ ಉಳಿದದ್ದು ಮೂರು: ಸೆಂಡರ್, ವೈರು ಮತ್ತು ಅರ್ಥಿಂಗ್, ಮೀಟರು. ಮೊದಲು ಅರ್ಧವನ್ನು ಒಂದೇ ಏಟಿಗೆ ಬೇರೆ ಮಾಡಬೇಕು. ಸೆಂಡರ್ ವಾಪಸ್ ಕೂರಿಸಿ, ಅದರ ವೈರು ಮಾತ್ರ ಕಳಚಿದೆ. ಕೀ ಆನ್ ಮಾಡಿ, ಆ ವೈರಿನ ತುದಿಯನ್ನು ಒಂದು ರೆಸಿಸ್ಟರ್ ಮೂಲಕ ಬ್ಯಾಟರಿಯ ಮೈನಸ್‌ಗೆ ಮುಟ್ಟಿಸಿದೆ. ಹಲವರು ವೈರನ್ನು ನೇರ ಗಾಡಿಯ ಲೋಹದ ಮೈಗೆ ತಾಗಿಸುತ್ತಾರೆ. ಕ್ಷಣ ಹೊತ್ತಿಗೆ ಪರವಾಗಿಲ್ಲ, ಆದರೆ ಹಿಡಿದುಕೊಂಡರೆ ಬೈಮೆಟಲ್ ಮೀಟರಿನ ಒಳಗಿನ ಸುತ್ತು ಸುಡುತ್ತದೆ. ನನ್ನ ಹತ್ತಿರ 33, 100 ಮತ್ತು 240 ಓಮಿನ ಮೂರು ರೆಸಿಸ್ಟರ್ ಇವೆ. ರೇಡಿಯೋ ರಿಪೇರಿ ಸಾಮಾನಿನ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತವೆ. 5 ವ್ಯಾಟಿನದು ತಗೊಳ್ಳಿ, ಸಣ್ಣದು ಬಿಸಿಯಾಗಿ ಕೈ ಸುಡುತ್ತದೆ.

ಕಾಕಾರ ಜೀಪಿನಲ್ಲಿ 33 ಓಮ್ ಮುಟ್ಟಿಸಿದಾಗ ಮುಳ್ಳು ಮೆಲ್ಲಗೆ ಎದ್ದಿತು. ಬೈಮೆಟಲ್ ಮೀಟರ್ ಬಿಸಿಯಾಗಿ ಬಾಗಲು ಕೆಲವು ಸೆಕೆಂಡ್ ಬೇಕು. ಅವಸರ ಪಟ್ಟು ಮುಟ್ಟಿಸಿ ಬಿಟ್ಟರೆ ಮೀಟರೇ ಸತ್ತಿದೆ ಅನ್ನಿಸಿಬಿಡುತ್ತದೆ. ಮುಳ್ಳು ಎದ್ದದ್ದರಿಂದ ಮೀಟರು ಸರಿ, ಅಲ್ಲಿಂದ ಸೆಂಡರಿನ ತನಕ ವೈರು ಸರಿ.

ಇನ್ನು ಸೆಂಡರ್. ಮಲ್ಟಿಮೀಟರನ್ನು ಓಮಿಗೆ ಇಟ್ಟು ಒಂದು ಕಡ್ಡಿ ಸೆಂಡರಿನ ಟರ್ಮಿನಲ್ಲಿಗೆ, ಇನ್ನೊಂದು ಅದರ ಲೋಹದ ಮೈಗೆ ಹಿಡಿದೆ. ಇಂಜಿನ್ ಸ್ಟಾರ್ಟ್ ಮಾಡಿದಾಗ ಓಮ್ ಇಳಿಯಿತು. ನಿಲ್ಲಿಸಿದಾಗ ಏರಿತು. ಅಂದರೆ ಸೆಂಡರ್ ಬದುಕಿದೆ, ಒತ್ತಡವನ್ನು ಅಳೆಯುತ್ತಿದೆ. ಆಮೇಲೆ ಎರಡನೇ ಕಡ್ಡಿಯನ್ನು ಸೆಂಡರಿನ ಮೈಯಿಂದ ತೆಗೆದು ಇಂಜಿನ್ ಬ್ಲಾಕಿಗೆ ಹಿಡಿದೆ. ಅಂಕಿ ಕುಣಿಯತೊಡಗಿತು. ಒಮ್ಮೆ ಸಾವಿರಾರು ಓಮ್, ಒಮ್ಮೆ ಸಂಪರ್ಕವೇ ಇಲ್ಲ.

ಸೆಂಡರಿಗೂ ಬ್ಲಾಕಿಗೂ ನಡುವೆ ಇರುವುದು ಥ್ರೆಡ್ ಮಾತ್ರ. ಒಂದೇ ವೈರಿನ ಸೆಂಡರಿಗೆ ಆ ಥ್ರೆಡ್ಡೇ ಅರ್ಥಿಂಗ್. ಸೆಂಡರಿನ ವೈರು ಮತ್ತೆ ಸಿಕ್ಕಿಸಿ, ಇಂಜಿನ್ ಓಡುತ್ತಿರುವಾಗ ಒಂದು ತುಂಡು ವೈರು ತೆಗೆದು, ಒಂದು ತುದಿ ಬ್ಯಾಟರಿ ಮೈನಸ್‌ಗೆ, ಇನ್ನೊಂದು ತುದಿ ಸೆಂಡರಿನ ಮೈಗೆ ಒತ್ತಿ ಹಿಡಿದೆ. "ಕಾಕಾ, ಈಗ ಮುಳ್ಳು ನೋಡ್ರಿ" ಅಂದೆ. "ಎದ್ದಿತಲ್ಲೋ!" ಅಂತ ಕೂಗಿದರು.

ಬಿಚ್ಚಿ ನೋಡಿದರೆ ಥ್ರೆಡ್ ಮೇಲೆ ಬಿಳಿ ಟೆಫ್ಲಾನ್ ಟೇಪು. ನಲ್ಲಿ ಕೆಲಸದವರು ಸುತ್ತುವಂತೆ ಆರೇಳು ಸುತ್ತು. ಎಂದೋ ಒಂದು ದಿನ ಸ್ವಲ್ಪ ಆಯಿಲ್ ಜಿನುಗಿದ್ದಕ್ಕೆ ಯಾರೋ ಸುತ್ತಿದ್ದರು. ಶುರುವಿನಲ್ಲಿ ಥ್ರೆಡ್ಡಿನ ಅಂಚು ಟೇಪನ್ನು ಕೊರೆದು ಅಲ್ಲಲ್ಲಿ ಲೋಹ ತಾಗಿರುತ್ತದೆ, ಹಾಗಾಗಿ ಮುಳ್ಳು ಕೆಲಸ ಮಾಡಿದೆ. ಆಮೇಲೆ ಕಡಲ ಗಾಳಿಯ ಉಪ್ಪು, ಮಳೆ, ಇಂಜಿನ್ನಿನ ಅದುರು. ತಾಗಿದ ಜಾಗಕ್ಕೂ ತುಕ್ಕು ಹಿಡಿಯಿತು. ಅನ್ಮೋಡ್ ಇಳಿಯುವಾಗ ಪೂರ್ತಿ ಬಿಟ್ಟುಕೊಂಡಿತು. ಈ ಟೇಪಿನ ತುಂಡುಗಳು ಆಯಿಲ್ ಹೋಗುವ ದಾರಿಗೆ ಬಿದ್ದರೆ ಇನ್ನೊಂದು ಕಾಟ. ಆದ್ದರಿಂದ ಸೆಂಡರಿಗೆ ಟೇಪು ಸುತ್ತಲೇಬೇಡಿ. ತುದಿಗೆ ಸಣ್ಣದಾಗುತ್ತಾ ಹೋಗುವ ಟೇಪರ್ ಥ್ರೆಡ್ ತಾನೇ ಬಿಗಿಯುತ್ತದೆ. ಜಿನುಗಿದರೆ ತುದಿಯ ಎರಡು ಸುತ್ತು ಬಿಟ್ಟು ಮೇಲಕ್ಕೆ ಒಂದು ತೊಟ್ಟು ದ್ರವ ಸೀಲೆಂಟ್ ಸಾಕು. ನೇರ ಥ್ರೆಡ್ಡಿಗೆ ತಾಮ್ರದ ವಾಷರ್.

ಗೋವಾ ಕರಾವಳಿಯಲ್ಲಿ ಗಾಡಿ ಇಟ್ಟವರಿಗೆ ಅರ್ಥಿಂಗ್ ಮೇಲೆ ಇನ್ನೂ ಎರಡು ಮಾತು ಹೇಳಬೇಕು. ಇಂಜಿನ್ನಿನಿಂದ ಚಾಸಿಗೆ ಹೋಗುವ ಹೆಣೆದ ಪಟ್ಟಿ ಇರುತ್ತದೆ. ಬೈನಾ, ಬೋಗ್ಮಾಳೊ ಕಡೆ ಕಡಲ ಪಕ್ಕ ನಿಲ್ಲುವ ಗಾಡಿಗಳಲ್ಲಿ ಅದರ ಥಿಂಬಲ್ (ಬೋಲ್ಟಿಗೆ ಸಿಕ್ಕಿಸುವ ತುದಿಯ ಬಳೆ) ಕೆಳಗೆ ತುಕ್ಕು, ವೈರಿನ ಎಳೆಗಳಲ್ಲಿ ಹಸಿರು ಕಿಲುಬು. ಹೊರಗಿನ ಪ್ಲಾಸ್ಟಿಕ್ ಹೊಸದರಂತೆ ಕಾಣುತ್ತದೆ, ಒಳಗಿನ ತಾಮ್ರ ಪುಡಿಯಾಗಿರುತ್ತದೆ. ಓಮ್ ಅಳತೆ ಇಲ್ಲಿ ಮೋಸ ಮಾಡುತ್ತದೆ, ಒಂದೇ ಎಳೆ ಉಳಿದಿದ್ದರೂ ಸರಿ ತೋರಿಸುತ್ತದೆ. ಅದಕ್ಕೆ ಲೋಡ್ ಹಾಕಿ ವೋಲ್ಟ್ ಅಳೆಯಬೇಕು. ಇಂಜಿನ್ ಓಡಿಸಿ, ಹೆಡ್‌ಲೈಟ್, ಬ್ಲೋವರ್ ಎಲ್ಲ ಆನ್ ಮಾಡಿ, ಬ್ಯಾಟರಿ ಮೈನಸ್‌ಗೂ ಇಂಜಿನ್ ಬ್ಲಾಕಿಗೂ ನಡುವೆ ವೋಲ್ಟ್ ನೋಡಿ. 0.1, 0.2 ಇದ್ದರೆ ಸರಿ. ಅರ್ಧ ವೋಲ್ಟ್ ಮುಟ್ಟಿದರೆ ಪಟ್ಟಿ ಬಿಚ್ಚಿ, ಎರಡೂ ಕಡೆ ಹೊಳೆಯುವ ತನಕ ಉಜ್ಜಿ, ಬಿಗಿದು, ಮೇಲೆ ಗ್ರೀಸ್ ಹಚ್ಚಿ. ಇಂಡಿಕೇಟರ್ ಹಾಕಿದಾಗ ಅದರ ತಾಳಕ್ಕೆ ಮುಳ್ಳು ಕುಣಿದರೆ, ಹೆಡ್‌ಲೈಟ್ ಹಾಕಿದಾಗ ಜಾಗ ಬದಲಿಸಿದರೆ, ಡ್ಯಾಶ್‌ಬೋರ್ಡಿನ ಹಿಂದಿನ ಅರ್ಥಿಂಗನ್ನೂ ಹೀಗೇ ನೋಡಿ. ಆಯಿಲ್‌ನ ಒತ್ತಡಕ್ಕೆ ಇಂಡಿಕೇಟರ್ ಗೊತ್ತಿಲ್ಲ.

ಆಯಿಲ್, ಟೆಂಪರೇಚರ್, ಡೀಸೆಲ್ ಮೂರೂ ಮುಳ್ಳು ಒಟ್ಟಿಗೆ ಏರಿದರೆ ಇಲ್ಲವೇ ಇಳಿದರೆ ಸೆಂಡರ್ ಬಿಡಿ. ಹಳೆ ಬೈಮೆಟಲ್ ಮೀಟರುಗಳಿಗೆ ಕರೆಂಟ್ ಕೊಡುವ ಸ್ಟೆಬಿಲೈಸರ್ ನೋಡಿ. ಅನೇಕ ಹಳೆ ಕಾರುಗಳಲ್ಲಿ ಅದು ಸರಾಸರಿ 10 ವೋಲ್ಟ್ ಕೊಡುತ್ತದೆ. ಅದರ ಡಬ್ಬಿಗೂ ಅರ್ಥಿಂಗ್ ಬೇಕು.

ದೀಪ ನಿಜ ಹೇಳಿದ್ದ ಕೇಸು

ಕಾಕಾರ ಕತೆ ಓದಿ ಯಾರೂ "ಸೆಂಡರ್ ಪ್ರಾಬ್ಲಂ ಅಷ್ಟೇ" ಅಂದುಕೊಂಡು ಗಾಡಿ ಓಡಿಸಬಾರದು. ಅದಕ್ಕೇ ಇದನ್ನೂ ಹೇಳುತ್ತೇನೆ.

ಬಾಗಲಕೋಟೆ ಕಡೆಯ ಹುಡುಗ ಒಬ್ಬ ಇಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ದಾಬೋಳಿ ವಿಮಾನ ನಿಲ್ದಾಣದಿಂದ ಬೆಳಗಾವಿಗೆ ಆಗಾಗ ಬಾಡಿಗೆ ಸಿಗುತ್ತದೆ. ಚೋರ್ಲಾ ಘಾಟಿನಲ್ಲಿ ಕೆಂಪು ದೀಪ ಮಿಣುಕುತ್ತದೆ ಅಂತ ಬಂದ. "ಅಣ್ಣಾ, ತಿರುವಿನಾಗ ಅಷ್ಟ ಹತ್ತತೈತ್ರೀ, ನೆಟ್ಟಗ ಹೋದ್ರ ಆರತೈತಿ" ಅಂದ. ಸ್ಟ್ಯಾಂಡಿನಲ್ಲಿ ಎಲ್ಲರೂ ಸ್ವಿಚ್ ಹೋಗಿದೆ ಅಂದಿದ್ದರಂತೆ. ಅವನು ಎರಡು ಸಲ ಸ್ವಿಚ್ ಬದಲಿಸಿದ್ದ. ಒಂದೂವರೆ ತಿಂಗಳು ಹಾಗೇ ಓಡಿಸಿದ್ದ.

ಅವನ ಮಾತಿನಲ್ಲೇ ಉತ್ತರ ಇತ್ತು. ವೈರು ಸಡಿಲವಿದ್ದರೆ ಗುಂಡಿಯಲ್ಲಿ ಎಗರಿದಾಗ ದೀಪ ಹತ್ತಬೇಕು. ತಿರುವಿನಲ್ಲಿ ಮಾತ್ರ, ಅದೂ ಸುತ್ತು ಮುಗಿಯುವ ತನಕ ಹತ್ತಿದರೆ ಆಯಿಲ್ ಕಡಿಮೆ. ಗಾಡಿ ತಿರುಗಿದಾಗ ಚೇಂಬರಿನ ಆಯಿಲ್ ಒಂದು ಬದಿಗೆ ಸರಿಯುತ್ತದೆ, ಪಂಪಿನ ಜಾಲರಿ ಗಾಳಿ ಎಳೆಯುತ್ತದೆ. ಡಿಪ್‌ಸ್ಟಿಕ್ಕಿನ ತುದಿಗೂ ಆಯಿಲ್ ಮುಟ್ಟಿರಲಿಲ್ಲ. ಆಯಿಲ್ ತುಂಬಿ, ಬಿಸಿ ಮಾಡಿ ಗೇಜು ಹಾಕಿದೆ. ಬಿಸಿ ಐಡಲ್‌ನಲ್ಲಿ 5 ಪಿಎಸ್‌ಐ. ದೀಪ ಹತ್ತುವ ಅಂಚು. ಬೇರಿಂಗ್ ಆಗಲೇ ಸವೆದಿತ್ತು. ಆ ಹುಡುಗನಿಗೆ ಇದನ್ನು ಹೇಳುವುದು ನನಗೆ ಬಹಳ ಕಷ್ಟವಾಯಿತು. ಮೊದಲ ದಿನವೇ ಕಡ್ಡಿ ಎಳೆದು ನೋಡಿದ್ದರೆ ಆಯಿಲ್ ಹಾಕಿ ಮುಗಿಯುತ್ತಿತ್ತು.

ಗೇಜಿನಲ್ಲಿ ಒತ್ತಡ ನಿಜವಾಗಿ ಕಡಿಮೆ ಬಂದರೆ ಬೇರಿಂಗ್ ಒಂದೇ ಕಾರಣ ಅಲ್ಲ. ಚೇಂಬರ್ ಬಿಚ್ಚುವ ಮೊದಲು ಆಯಿಲ್ ಯಾವ ಗ್ರೇಡ್ ಹಾಕಿದ್ದಾರೆ ಕೇಳಿ. 20ಡಬ್ಲ್ಯು-40 ಹಾಕಬೇಕಾದ ಹಳೆ ಇಂಜಿನ್ನಿಗೆ ಹೊಸ ಕಾರಿನ 5ಡಬ್ಲ್ಯು-30 ಹಾಕಿದರೆ ಬಿಸಿಯಲ್ಲಿ ಮುಳ್ಳು ಇಳಿಯುತ್ತದೆ. ಹೆಚ್ಚಾದ ಒತ್ತಡ ಬಿಡುವ ರಿಲೀಫ್ ವಾಲ್ವಿನಲ್ಲಿ ಕಸ ಸಿಕ್ಕಿ ತೆರೆದೇ ನಿಂತಿರಬಹುದು. ಜಾಲರಿಗೆ ಕೆಸರು ಕಟ್ಟಿರಬಹುದು. ಕೊನೆಯದಾದರೆ ಒಂದು ಗುರುತಿದೆ. ಸ್ಟಾರ್ಟ್ ಆದಾಗ ಒತ್ತಡ ಸರಿ ಇರುತ್ತದೆ, ಜೋರು ಓಡಿಸಿದಂತೆ ಏರುವ ಬದಲು ಕುಸಿಯುತ್ತದೆ.

ಹೊಸ ಗಾಡಿಗಳ ಸೆನ್ಸರ್

ಮೂರು ವೈರು ಇದ್ದರೆ ಮೇಲಿನ ರೆಸಿಸ್ಟರ್ ಪರೀಕ್ಷೆ ಮಾಡಬೇಡಿ, ಟೆಸ್ಟ್ ಲ್ಯಾಂಪ್ ಹಾಕಬೇಡಿ. ಗಾಡಿಯ ಕಂಪ್ಯೂಟರಿಗೆ ಪೆಟ್ಟು ಬೀಳಬಹುದು. ಅಲ್ಲಿ ಒಂದು ವೈರಲ್ಲಿ 5 ವೋಲ್ಟ್, ಒಂದು ಅರ್ಥಿಂಗ್, ಮೂರನೆಯದು ಸಿಗ್ನಲ್. ಸಾಮಾನ್ಯವಾಗಿ ನಿಂತ ಇಂಜಿನ್ನಿಗೆ ಸಿಗ್ನಲ್ ಅರ್ಧ ವೋಲ್ಟಿನ ಹತ್ತಿರ, ಪೂರ್ತಿ ಒತ್ತಡಕ್ಕೆ 4.5ರ ಹತ್ತಿರ. ಸ್ಕ್ಯಾನರ್ ಹಾಕಿದಾಗ ಪಿ0520 ಎಂಬ ದೋಷದ ಕೋಡ್ ಬಂದರೆ ಸರ್ಕ್ಯೂಟಿನ ದೋಷ. ಪಿ0522 ವೋಲ್ಟ್ ಕಡಿಮೆ, ಪಿ0523 ವೋಲ್ಟ್ ಜಾಸ್ತಿ. ಈ ಮೂರೂ ವೈರಿನ ಕಡೆ ಬೆರಳು ತೋರಿಸುತ್ತವೆ. ಪಿ0524 ಬಂದರೆ ಆಯಿಲ್ ಒತ್ತಡವೇ ಕಡಿಮೆ ಅಂತ ಕಂಪ್ಯೂಟರ್ ಹೇಳುತ್ತಿದೆ, ಇಂಜಿನ್ ಓಡಿಸದೆ ಮೆಕ್ಯಾನಿಕಲ್ ಗೇಜು ತರಿಸಿ. ಸೆನ್ಸರಿನ ಪ್ಲಗ್ ಎಳೆದಾಗ ಒಳಗೆ ಆಯಿಲ್ ಕಂಡರೆ ಡಯಾಫ್ರಂ ಒಡೆದಿದೆ. ಸೆನ್ಸರ್ ಬದಲಿಸಿ, ಪ್ಲಗ್ ಒಣಗಿಸಿ. ವೈರಿನ ಎಳೆಗಳ ಸಂದಿಯಲ್ಲಿ ಆಯಿಲ್ ಮುಂದೆ ಏರಿದ್ದರೆ ಆ ತುಂಡನ್ನೂ ಬದಲಿಸಬೇಕು.

ಸೆಂಡರ್ ಕೊಳ್ಳುವಾಗ

ಥ್ರೆಡ್ ಹೊಂದಿತು ಅಂತ ತಗೊಂಡು ಬರಬೇಡಿ. ವಿಡಿಒ ಬಗೆಯಲ್ಲಿ 5 ಬಾರಿನ ಸೆಂಡರ್ ಇದೆ, 10 ಬಾರಿನದೂ ಇದೆ. ನೋಡಲು ಅಣ್ಣ ತಮ್ಮಂದಿರ ಹಾಗೆ. 5 ಬಾರಿನ ಮೀಟರಿಗೆ 10 ಬಾರಿನ ಸೆಂಡರ್ ಹಾಕಿದರೆ ನಿಜವಾದ 4 ಬಾರಿಗೆ ಮುಳ್ಳು 2ರ ಹತ್ತಿರ ನಿಲ್ಲುತ್ತದೆ. ಮಾಲೀಕರು ಗಾಬರಿ ಬಿದ್ದು ಇಂಜಿನ್ ಬಿಚ್ಚಿಸುತ್ತಾರೆ. ಅದಲು ಬದಲಾದರೆ ಇನ್ನೂ ಅಪಾಯ. ಒತ್ತಡ ಅರ್ಧಕ್ಕೆ ಇಳಿದರೂ ಮುಳ್ಳು ಆರಾಮಾಗಿ ಕಾಣುತ್ತದೆ. ಸೆಂಡರಿನ ಆರು ಮೂಲೆಯ ಮೈ ಮೇಲೆ ಬಾರ್ ಅಂಕಿ ಒತ್ತಿರುತ್ತಾರೆ. ಅದನ್ನು ಮೀಟರಿನ ಕೊನೆಯ ಅಂಕಿಗೆ ಹೋಲಿಸಿ ನೋಡಿ. ಕೂರಿಸುವಾಗ ಪಾನಾ ಆ ಆರು ಮೂಲೆಗೇ ಹಿಡಿಯಿರಿ. ಮೇಲಿನ ಡಬ್ಬಿ ಹಿಡಿದು ತಿರುಗಿಸಿದರೆ ಒಳಗೆ ಹಾಳಾಗುತ್ತದೆ.

ಕಾಕಾರ ಜೀಪಿಗೆ ಹೊಸ ಸೆಂಡರ್ ಬೇಕಾಗಲಿಲ್ಲ. ಟೇಪು ಕಿತ್ತು, ಥ್ರೆಡ್ಡನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಒಂದು ತೊಟ್ಟು ಸೀಲೆಂಟ್ ಹಾಕಿ ಬಿಗಿದೆ. ಸೆಂಡರಿನ ಮೈಗೂ ಬ್ಲಾಕಿಗೂ ನಡುವೆ ಓಮ್ ಮತ್ತೆ ಅಳೆದೆ, ಸೊನ್ನೆ ಬಂತು. ಡ್ಯಾಶ್‌ಬೋರ್ಡಿನ ಮುಳ್ಳು ಮೆಕ್ಯಾನಿಕಲ್ ಗೇಜಿನ ಅಂಕಿಗೆ ಕೂದಲೆಳೆ ಆಚೀಚೆ ನಿಂತಿತು. ಆ ಮೂರು ಅಂಕಿ, 55, 18, 45, ಒಂದು ಚೀಟಿಯಲ್ಲಿ ಬರೆದು, ತಾರೀಖು ಹಾಕಿ, ಬಾನೆಟ್ಟಿನ ಒಳಗೆ ಅಂಟಿಸಿ ಕೊಟ್ಟೆ. ಮುಂದಿನ ವರ್ಷ ಬಿಸಿ ಐಡಲ್‌ನಲ್ಲಿ 18ರ ಬದಲು 12 ಬಂದರೆ ಯಾರನ್ನೂ ಕೇಳಬೇಕಿಲ್ಲ. ಮಾರನೇ ಭಾನುವಾರ ಮಧ್ಯಾಹ್ನ ಲೋಂಡಾದಿಂದ ಫೋನ್ ಬಂತು. "ಘಾಟ್ ಹತ್ತಿ ಬಂದೆ, ಐವತ್ತರ ಮ್ಯಾಗ ಐತಿ" ಅಂದರು.